ಗಂಟಲು ಕೆಟ್ಟಿದೆ ಅಂದೆ

ಫೆಬ್ರವರಿ 4, ಮಂಗಳವಾರ

ಇವತ್ತು ಗೇಟಿನ ಮುಂದೆ ಮೂರನೇ ಘೋಷಣೆ ಕೂಗುವಾಗ ನನ್ನ ಒಳಬಟ್ಟೆ ಒದ್ದೆಯಾಯಿತು. ಬರೆದಾಯಿತು. ಇನ್ನು ಇದನ್ನು ಬೇರೆ ಯಾರಿಗೂ ಹೇಳಬೇಕಾಗಿಲ್ಲ.

ಮೊದಲ ಘೋಷಣೆಗೆ ಒಂದು ತೊಟ್ಟು. ಎರಡನೆಯದಕ್ಕೆ ಇನ್ನೊಂದಿಷ್ಟು. ಮೂರನೆಯದಕ್ಕೆ ಹೊಟ್ಟೆಯಿಂದ ದನಿ ಎತ್ತಿದ್ದೇ ತಡ, ತೊಡೆಯ ಒಳಗಡೆ ಬಿಸಿಯಾಗಿ ಇಳಿಯಿತು. ನೂರೈವತ್ತು ಜನ ಕೈ ಮೇಲೆತ್ತಿ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಕೈಮೈಕನ್ನು ಕಾರ್ಮಿಕ ಸಂಘದ ಕಾರ್ಯದರ್ಶಿಯ ಕೈಗೆ ತುರುಕಿ, ಗಂಟಲು ಕೆಟ್ಟಿದೆ ಅಂದೆ. ಅವರು ಕೂಗಿದರು. ಅವರದು ಸೊಳ್ಳೆಯ ದನಿ. ಜನ ಉತ್ತರ ಕೊಡುವಷ್ಟರಲ್ಲಿ ನಾನು ಬೆನ್ನನ್ನು ಗೋಡೆಗೆ ಒತ್ತಿಕೊಂಡು ಒಗೆಯುವ ಹಾಲ್ ಸೇರಿದ್ದೆ.

ಹದಿನೆಂಟು ವರ್ಷದಿಂದ ಈ ಲಾಂಡ್ರಿಯಲ್ಲಿ ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುತ್ತಿದ್ದೇನೆ. ಅದರಲ್ಲಿ ಹನ್ನೊಂದು ವರ್ಷ ಘೋಷಣೆ ಕೊಟ್ಟವಳು ನಾನೇ. ಕಹಳೆ ಎಂದು ಅಡ್ಡಹೆಸರಿಟ್ಟವರು ಇದೇ ಜನ. ಏಳು ಯಂತ್ರಗಳು ಒಟ್ಟಿಗೆ ತಿರುಗುವಾಗಲೂ ಹಾಲ್‌ನ ಆ ತುದಿಗೆ ನನ್ನ ಮಾತು ಕೇಳುತ್ತಿತ್ತು. ಅಂಥ ದನಿಯನ್ನು ಇವತ್ತು ಒಂದು ಲೋಟ ಮೂತ್ರ ಸೋಲಿಸಿತು.

ಫೆಬ್ರವರಿ 7, ಶುಕ್ರವಾರ

ಹರಿದುಹೋದ ಹಾಸುಬಟ್ಟೆಗಳಿಗೆ ಕೆಂಪು ಮುದ್ರೆ ಒತ್ತಿ ಮೂಲೆಗೆ ಎಸೆಯುತ್ತಾರೆ. ಅದರಲ್ಲಿ ಒಂದು ತುಂಡನ್ನು ಹೊಟ್ಟೆಗೆ ಸುತ್ತಿಕೊಂಡು ತಂದೆ. ಗೇಟಿನಲ್ಲಿ ಸಿಕ್ಕಿಬಿದ್ದರೆ ಕಳ್ಳತನ. ನಾಲ್ಕು ಮಡಿಕೆ ಮಾಡಿ ಹೊಲಿದರೆ ಅರ್ಧ ದಿನ ತಡೆಯುತ್ತದೆ.

ಮಗಳು ತನ್ನ ಆಫೀಸಿನ ಯಾರದೋ ಕತೆ ಹೇಳಿ ನಗಿಸಲು ಬಂದಳು. ಬಾಯಿ ಮುಚ್ಚು ಅಂತ ಗದರಿದೆ. ಸಪ್ಪೆ ಮುಖ ಮಾಡಿಕೊಂಡು ಎದ್ದುಹೋದಳು. ನಕ್ಕರೂ ಬರುತ್ತದೆ, ಸೀನಿದರೂ ಬರುತ್ತದೆ, ಒದ್ದೆ ಬಟ್ಟೆಯ ಗಂಟು ಎತ್ತಿದರಂತೂ ಬಂದೇ ಬರುತ್ತದೆ. ನಲವತ್ತೇಳು ವರ್ಷಕ್ಕೆ ಇದೇನು ದರಿದ್ರ ದೇಹ.

ಮೂರು ವರ್ಷದ ಹಿಂದೆ ಊಟದ ಹೊತ್ತಿಗೆ ಒಂದು ಮುದುಕಿಯ ಪಕ್ಕ ಕೂತು, "ಯಾಕೋ ಈ ಮೂಲೆ ನಾರ್ತಾ ಇದೆ" ಅಂದಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಮಾರನೇ ದಿನದಿಂದ ಅವಳು ಯಂತ್ರದ ಹಿಂದೆ ನಿಂತುಕೊಂಡೇ ಉಣ್ಣುತ್ತಿದ್ದಳು. ಇವತ್ತು ಯಾಕೆ ಅವಳ ನೆನಪಾಗಬೇಕು?

ಫೆಬ್ರವರಿ 13, ಗುರುವಾರ

ರಜೆ ಹಾಕಿ ದೊಡ್ಡಾಸ್ಪತ್ರೆಗೆ ಹೋದೆ. ನಾನೇ ಒಗೆದ ಹಾಸುಬಟ್ಟೆಯ ಮೇಲೆ ನನ್ನನ್ನೇ ಮಲಗಿಸಿದರು. ಡಾಕ್ಟರು ನೋಡಿ ವ್ಯಾಯಾಮದ ಕೋಣೆಗೆ ಕಳಿಸಿದರು. ಅಲ್ಲಿದ್ದದ್ದು ನನ್ನ ಮಗಳ ವಯಸ್ಸಿನ ಹುಡುಗಿ. ಮಾತು ಮಾತ್ರ ಚಾಟಿ.

"ಕೆಮ್ಮಿದ್ರೆ ಹೋಗುತ್ತಾ? ನಕ್ಕರೆ? ಭಾರ ಎತ್ತಿದ್ರೆ?"

"ಘೋಷಣೆ ಕೂಗಿದ್ರೆ" ಅಂದೆ.

ಅವಳು ನಗಲಿಲ್ಲ. ಬರೆದುಕೊಂಡಳು. ಕಿಬ್ಬೊಟ್ಟೆಯ ತಳದಲ್ಲಿ ತೊಟ್ಟಿಲಿನ ಹಾಗೆ ಸ್ನಾಯುಗಳಿವೆಯಂತೆ. ಮೂತ್ರದ ಚೀಲ, ಗರ್ಭಕೋಶ, ಕರುಳು ಎಲ್ಲಕ್ಕೂ ಅದೇ ಆಧಾರ. ಹೆರಿಗೆ, ವಯಸ್ಸು, ದಿನವೂ ಹೊರುವ ಭಾರ, ಎಲ್ಲ ಸೇರಿ ಅದು ಸಡಿಲವಾಗಿದೆ. "ಕೆಳಗಡೆಯಿಂದ ಬಿಗಿ ಹಿಡಿದು ಮೇಲಕ್ಕೆ ಎಳ್ಕೊಳ್ಳಿ. ಐದು ಎಣಿಸಿ, ಬಿಡಿ. ಹತ್ತು ಸಲ. ದಿನಕ್ಕೆ ಮೂರು ಹೊತ್ತು. ಫಲ ಕಾಣೋಕೆ ಮೂರು ತಿಂಗಳಾದ್ರೂ ಬೇಕು. ಆರು ವಾರ ಬಿಟ್ಟು ಬಂದು ತೋರಿಸಿ. ಮತ್ತೆ ನೀರು ಕುಡೀರಿ, ಬಿಡಬೇಡಿ."

"ಹಿಡಿಯೋದನ್ನ ನನಗೆ ಕಲಿಸ್ಬೇಡಮ್ಮ. ಹದಿನೆಂಟು ವರ್ಷದಿಂದ ಹಿಡ್ಕೊಂಡೇ ಇದ್ದೀನಿ" ಅಂತ ಎದ್ದು ಬಂದೆ.

ಹಿಡಿಯದೆ ಇನ್ನೇನು? ನಮ್ಮದು ಒಂದೇ ಕಕ್ಕಸು, ಅಂಗಳದ ಆಚೆ ತುದಿಗೆ. ಅದಕ್ಕೊಂದು ಬೀಗ. ಬೀಗದ ಕೀ ಮೇಸ್ತ್ರಿಯ ಸೊಂಟದಲ್ಲಿ. ಒಂದು ಪಾಳಿಗೆ ಎರಡೇ ಸಲ. ಮೂರನೇ ಸಲ ಕೇಳಿದರೆ ಇಡೀ ಹಾಲ್‌ಗೆ ಕೇಳುವ ಹಾಗೆ "ಈಗ ತಾನೆ ಹೋಗಿದ್ದೆಯಲ್ಲ?" ಅನ್ನುತ್ತಾನೆ.

ಫೆಬ್ರವರಿ 19, ಬುಧವಾರ

ಹತ್ತು ಸಲ ಯಾವ ಮೂಲೆಗೆ? ಐವತ್ತು ಮಾಡುತ್ತಿದ್ದೇನೆ. ಯಂತ್ರ ನೀರು ಬದಲಾಯಿಸುವ ಹೊತ್ತಿನಲ್ಲಿ ಕಂಬ ಹಿಡಿದು ನಿಂತು, ಗಂಟು ಎತ್ತುವಾಗ ಹೇಗೋ ಹಾಗೆಯೇ ಪಟ್ಟು ಹಿಡಿದು ಮಾಡುತ್ತೇನೆ.

ಉದ್ದಕ್ಕ ನೋಡಿಬಿಟ್ಟಳು. ಎತ್ತರದವಳೆಂದು ಎಲ್ಲರೂ ಉದ್ದಕ್ಕ ಅನ್ನುತ್ತೇವೆ. ನನ್ನ ಜೋಡಿ. ಒದ್ದೆ ಬಟ್ಟೆಯ ಗಂಟನ್ನು ಇಬ್ಬರು ಎರಡು ಕಡೆ ಹಿಡಿದು ಹಿಂಡುವ ಯಂತ್ರದ ಬಾಯಿಗೆ ಎತ್ತಿ ಹಾಕಬೇಕು. ಹನ್ನೊಂದು ವರ್ಷದಿಂದ ಆ ಕಡೆ ಅವಳು, ಈ ಕಡೆ ನಾನು.

"ಏನೇ, ಮುಖ ಕೆಂಪಗೆ ಮಾಡ್ಕೊಂಡು ನಿಂತಿದ್ದೀಯ? ಮೊಟ್ಟೆ ಗಿಟ್ಟೆ ಇಡ್ತಿದ್ದೀಯಾ?"

"ಇಟ್ರೆ ನಿನಗೇ ಕಾವು ಕೂರೋಕೆ ಕೊಡ್ತೀನಿ."

ಅವಳು ನಕ್ಕಳು. ನಗುವಾಗ ಒಂದು ಕಾಲನ್ನು ಇನ್ನೊಂದು ಕಾಲಿಗೆ ಹೆಣೆದು ನಿಲ್ಲುವುದು ಅವಳ ಅಭ್ಯಾಸ. ನಾನು ನಗಲಿಲ್ಲ. ನಗು ಈಗ ನನಗೆ ಆಗಿಬರುವುದಿಲ್ಲ.

ಫೆಬ್ರವರಿ 25, ಮಂಗಳವಾರ

ಮತ್ತೆ ಗೇಟ್ ಸಭೆ. ಕೈಮೈಕು ಮುಂದೆ ಬಂತು. ನಾನು ಕತ್ತು ತೋರಿಸಿ ತಲೆ ಆಡಿಸಿದೆ.

"ಇನ್ನೂ ವಾಸಿಯಾಗ್ಲಿಲ್ವಾ ಅಕ್ಕ?" ಅಂದರು ಕಾರ್ಯದರ್ಶಿ. ಹಿಂದಿನಿಂದ ಒಣಗಿಸುವ ಕೋಣೆಯ ಗಂಡಸೊಬ್ಬ, "ಮೇಸ್ತ್ರಿ ಕೊಟ್ಟ ಔಷಧಿ ಗಂಟಲಿಗೆ ಚೆನ್ನಾಗಿ ಹಿಡಿದಿದೆ ಬಿಡಿ" ಅಂದ. ಕೆಲವರು ನಕ್ಕರು.

ಬೆಳಿಗ್ಗೆ ಮೇಸ್ತ್ರಿ ನನ್ನನ್ನು ಕೋಣೆಗೆ ಕರೆದದ್ದು ನಿಜ. ಮುದ್ರೆ ಬಿದ್ದ ಬಟ್ಟೆ ಕಡಿಮೆಯಾಗುತ್ತಿದೆ, ನಿನಗೇನಾದರೂ ಗೊತ್ತಾ ಅಂತ ಹತ್ತು ನಿಮಿಷ ಕೊರೆದ. ಗಾಜಿನ ಬಾಗಿಲು. ಎಲ್ಲರೂ ನೋಡಿದ್ದಾರೆ. ಕೇಳಿದವರಿಗೆ ಏನೆಂದು ಹೇಳಲಿ? ಯಾವ ಬಟ್ಟೆ, ಯಾಕೆ ಬೇಕಾಯಿತು, ಎಲ್ಲಿ ಇಟ್ಟುಕೊಂಡೆ ಅಂತಲಾ?

ಮಾರ್ಚ್ 1, ಶನಿವಾರ

ಹೆಚ್ಚಾಗಿದೆ. ಎಪ್ಪತ್ತು ಸಲ ಮಾಡಿದರೂ ಹೆಚ್ಚಾಗಿದೆ. ನೀರು ಬಿಟ್ಟೆ. ಬಾಯಿ ಒಣಗಿ ನಾಲಿಗೆ ಅಂಟುತ್ತದೆ. ಉಚ್ಚೆ ಉರಿಯುತ್ತದೆ.

ಮಾರ್ಚ್ 5, ಬುಧವಾರ

ಊಟದ ಹೊತ್ತಿನಲ್ಲಿ ಉದ್ದಕ್ಕ ನನ್ನ ರಟ್ಟೆ ಹಿಡಿದು ಸೋಪಿನ ಡಬ್ಬಗಳ ಹಿಂದೆ ಎಳೆದುಕೊಂಡು ಹೋದಳು.

"ನನ್ನ ಕಣ್ಣು ನೋಡಿ ಹೇಳು. ಮೇಸ್ತ್ರಿಗೆ ನಿನ್ನ ದನಿ ಮಾರ್ಕೊಂಡ್ಯಾ?"

"ಯಾರು ಹೇಳಿದ್ದು?"

"ಎಲ್ಲರೂ. ನಾನು ಮಾತ್ರ ಇಲ್ಲ, ಅವಳು ಅಂಥವಳಲ್ಲ ಅಂತ ಬಡ್ಕೋತಾ ಇದ್ದೀನಿ. ಗಂಟಲು ಕೆಟ್ಟವಳು ಮನೆಗೆ ಹೋಗ್ತಾ ಬಸ್ಸಿನಲ್ಲಿ ಕಂಡಕ್ಟರ್ ಹತ್ರ ಜಗಳ ಆಡ್ತೀಯಲ್ಲ, ಅದು ಯಾವ ಗಂಟಲು?"

ಎರಡು ಮಾತು ಸಾಕಿತ್ತು. ಕೂಗಿದರೆ ಉಚ್ಚೆ ಹೋಗುತ್ತದೆ ಕಣೆ. ಅಷ್ಟೇ. ಬಾಯಿಯವರೆಗೆ ಬಂತು. ಅವಳ ಮುಖ ನೋಡಿದೆ. ಆ ಮುದುಕಿಯ ದಿನ ಎಲ್ಲರಿಗಿಂತ ಜೋರಾಗಿ ನಕ್ಕವಳು ಇವಳೇ.

"ಹೂಂ, ಮಾರ್ಕೊಂಡೆ ಅಂದ್ಕೋ" ಅಂದೆ.

ಅವಳು ಉಗುಳಲಿಲ್ಲ, ಬೈಯಲಿಲ್ಲ. ಸೀದಾ ಮೇಸ್ತ್ರಿಯ ಹತ್ತಿರ ಹೋಗಿ ಜೋಡಿ ಬದಲಾಯಿಸಿಕೊಂಡಳು.

ದ್ರೋಹಿ ಅನ್ನಿಸಿಕೊಳ್ಳುವುದು ಇಷ್ಟು ಹಗುರ ಎಂದು ಗೊತ್ತಿರಲಿಲ್ಲ. ದ್ರೋಹಿಯ ಮುಂದೆ ಜನ ಮುಖ ತಿರುಗಿಸುತ್ತಾರೆ, ಮೂಗು ಮುಚ್ಚುವುದಿಲ್ಲ.

ಮಾರ್ಚ್ 6, ಗುರುವಾರ

ಹೊಸ ಜೋಡಿ. ಹೆರಿಗೆಯಾಗಿ ಐದು ತಿಂಗಳಾದ ಹೊಸಬಳು. ಯಾರೂ ನನ್ನ ಜೊತೆ ಮಾತಾಡುವುದಿಲ್ಲ.

ಮಾರ್ಚ್ 12, ಬುಧವಾರ

ಬೇಡಿಕೆ ಪಟ್ಟಿ ಸಿದ್ಧವಾಗುತ್ತಿದೆ ಎಂದು ತಿಳಿದು ಕಾರ್ಯದರ್ಶಿಯ ಮನೆಗೇ ಹೋದೆ. ಏಳು ಬೇಡಿಕೆ. ಎಂಟನೆಯದಾಗಿ ಕಕ್ಕಸಿನ ಬೀಗ ತೆಗೆಯಬೇಕು, ಹಾಲ್‌ನ ಪಕ್ಕ ಇನ್ನೆರಡು ಕಟ್ಟಬೇಕು ಅಂತ ಸೇರಿಸಿ ಅಂದೆ.

ಅವರು ಕೆಟ್ಟವರಲ್ಲ. ಎರಡು ಸಲ ಜೈಲಿಗೆ ಹೋಗಿ ಬಂದವರು. ಪೆನ್ನಿನ ಮುಚ್ಚಳ ಕಚ್ಚುತ್ತಾ, "ಅಕ್ಕ, ಇದನ್ನ ಅಷ್ಟು ಜನ ಗಂಡಸರ ಮುಂದೆ ಹೇಗೆ ಓದೋದು? ಹೋರಾಟಕ್ಕೊಂದು ಘನತೆ ಇರುತ್ತೆ. ಇತರ ಸೌಕರ್ಯಗಳು ಅಂತ ಹಾಕಿದ್ದೀನಲ್ಲ, ಅದರಲ್ಲಿ ಬಂತು" ಅಂದರು.

ಇತರ ಸೌಕರ್ಯಗಳು! ಹದಿನೆಂಟು ವರ್ಷ ಹಲ್ಲು ಕಚ್ಚಿ ಹಿಡಿದ ಉಚ್ಚೆಗೆ ಇವರು ಇಟ್ಟ ಹೆಸರು. ಕೇಳಬೇಕೆನಿಸಿತು, ಕ್ರಾಂತಿ ಆದ ದಿನ ಹೆಂಗಸರು ಎಲ್ಲಿಗೆ ಹೋಗಬೇಕು ಅಂತ. ಕೇಳಲಿಲ್ಲ. ಮಾರಿಕೊಂಡವಳಿಗೆ ಪ್ರಶ್ನೆ ಕೇಳುವ ಹಕ್ಕಿಲ್ಲ.

ಮಾರ್ಚ್ 27, ಗುರುವಾರ

ವ್ಯಾಯಾಮದ ಕೋಣೆಯ ಹುಡುಗಿ ಕೈ ಇಟ್ಟು ಪರೀಕ್ಷಿಸಿ, "ಈಗ ಮಾಡಿ ತೋರಿಸಿ" ಅಂದಳು. ಮಾಡಿದೆ.

"ನಿಲ್ಲಿಸಿ. ಎಷ್ಟು ದಿನದಿಂದ ಹೀಗೆ ಮಾಡ್ತಿದ್ದೀರಿ?"

"ನೀವು ಹೇಳಿದ ದಿನದಿಂದ. ಹತ್ತಕ್ಕೆ ಬದಲು ಎಪ್ಪತ್ತು."

"ಅಮ್ಮಾ, ನೀವು ಮೇಲಕ್ಕೆ ಎಳೀತಿಲ್ಲ. ಉಸಿರು ಕಟ್ಟಿ ಕೆಳಕ್ಕೆ ತಳ್ತಿದ್ದೀರಿ. ಜೋಲುಬಿದ್ದ ಹಗ್ಗಕ್ಕೆ ದಿನಾ ಎಪ್ಪತ್ತು ಸಲ ಕಲ್ಲು ನೇತುಹಾಕಿದ ಹಾಗೆ. ಯಾರು ಹೇಳಿಕೊಟ್ರು ಹೀಗೆ?"

ಯಾರು ಹೇಳಿಕೊಟ್ಟರು? ಲಾಂಡ್ರಿ ಹೇಳಿಕೊಟ್ಟಿತು. ಕೆಲಸಕ್ಕೆ ಸೇರಿದ ಮೊದಲ ದಿನ ನಮಗೆ ಕಲಿಸುವುದು ಅದೊಂದನ್ನೇ. ಒಂದು, ಎರಡು, ದಮ್ಮು. ದಮ್ಮು ಅಂದೊಡನೆ ಇಬ್ಬರೂ ಉಸಿರು ಕಟ್ಟಿ, ಹೊಟ್ಟೆ ಗಟ್ಟಿ ಮಾಡಿ ಎತ್ತಬೇಕು. ನಮ್ಮ ಮೈಗೆ ಬಿಗಿ ಹಿಡಿಯುವುದೆಂದರೆ ಅದೇ. ಬೇರೆ ರೀತಿ ಇದೆಯೆಂದೇ ಗೊತ್ತಿಲ್ಲ. ಪಾಳಿಗೆ ನೂರೈವತ್ತು ಗಂಟು. ನೂರೈವತ್ತು ಸಲ ನಮ್ಮ ಕರುಳನ್ನು ನಾವೇ ಕೆಳಕ್ಕೆ ತುಳಿದುಕೊಂಡಿದ್ದೇವೆ, ಅದೂ ಒಕ್ಕೊರಲಿನಿಂದ ಎಣಿಸಿಕೊಂಡು.

ಹುಡುಗಿ ಮತ್ತೆ ಮೊದಲಿನಿಂದ ಕಲಿಸಿದಳು. ಮಲಗಿ, ಮೊಣಕಾಲು ಮಡಚಿ, ಉಸಿರು ಆಡುತ್ತಲೇ ಇರಬೇಕು. ಹೊಟ್ಟೆ, ತೊಡೆ, ಕುಂಡೆ ಯಾವುದೂ ಬಿಗಿಯಬಾರದು. ಒಳಗಿನದು ಮಾತ್ರ ಮೆಲ್ಲಗೆ ಮೇಲೇಳಬೇಕು. ಕೆಮ್ಮು ಬರುವ ಮೊದಲು, ಭಾರ ಎತ್ತುವ ಮೊದಲು, ಕೂಗುವ ಮೊದಲು ಅದನ್ನು ಎಳೆದುಕೊಂಡಿರಬೇಕು. ಎತ್ತುವಾಗ ಉಸಿರು ಹೊರಗೆ. ಉರಿಗೆ ಬೇರೆ ಮಾತ್ರೆ ಬರೆಸಿಕೊಟ್ಟಳು. ನೀರು ಬಿಟ್ಟದ್ದಕ್ಕೆ ಚೆನ್ನಾಗಿ ಬೈದಳು.

ಬಾಗಿಲಲ್ಲಿ ನಿಂತಿದ್ದಾಗ ಅಂದಳು: "ನಿಮ್ಮ ಲಾಂಡ್ರಿಯವರೆಲ್ಲ ಹೀಗೇ ತಳ್ತಾರೆ. ಈ ವರ್ಷ ನೀವು ನಾಲ್ಕನೆಯವರು."

"ಉಳಿದ ಮೂವರು ಯಾರು?"

"ಅದನ್ನ ಹೇಳೋ ಹಾಗಿಲ್ಲ. ನಿಮ್ಮದನ್ನೂ ಅವರಿಗೆ ಹೇಳೋದಿಲ್ಲ."

ಏಪ್ರಿಲ್ 4, ಶುಕ್ರವಾರ

ಇವತ್ತು ಬೆಳಿಗ್ಗೆ ಮಲಗಿದ್ದಾಗ ಒಳಗೆ ಏನೋ ಒಂದಿಷ್ಟು ಮೇಲೆದ್ದ ಹಾಗಾಯಿತು. ಎರಡು ಎಣಿಸುವಷ್ಟರಲ್ಲಿ ಜಾರಿಹೋಯಿತು. ಆದರೂ ಎದ್ದದ್ದು ನಿಜ.

ಹಾಲ್‌ನಲ್ಲಿ ಒಬ್ಬೊಬ್ಬರ ನಡಿಗೆ ನೋಡುತ್ತಿದ್ದೆ. ಯಾರು ನೀರು ಕುಡಿಯುವುದಿಲ್ಲ, ಯಾರು ಎದ್ದ ಮೇಲೆ ಬೆಂಚು ಸವರುತ್ತಾರೆ, ಯಾರು ನಕ್ಕಾಗ ಕಾಲು ಹೆಣೆಯುತ್ತಾರೆ. ಮೂವರನ್ನು ಹುಡುಕಲು ಹೋದೆ. ಹದಿನಾರು ಜನ ಸಿಕ್ಕರು.

ಹೊಸಬಳಿಗೆ ಹೇಳಿದೆ: "ದಮ್ಮು ಕಟ್ಟಬೇಡ. ಎತ್ತುವಾಗ ಉಸಿರು ಬಿಡು."

"ಮೇಸ್ತ್ರಿ ಬೈತಾರೆ ಅಕ್ಕ."

"ಬೈಲಿ. ಅವನಿಗೇನು ಗರ್ಭಕೋಶ ಇದೆಯಾ?"

ಏಪ್ರಿಲ್ 8, ಮಂಗಳವಾರ

ಹೇಳಿಬಿಟ್ಟೆ.

ಗೇಟಿನಲ್ಲಿ ಎಲ್ಲ ಪಾಳಿಯವರೂ ಸೇರಿದ್ದರು. ಆರು ಬೇಡಿಕೆ ಒಪ್ಪಿದ್ದಾರೆ ಎಂದು ಕಾರ್ಯದರ್ಶಿ ಓದಿದರು. ಚಪ್ಪಾಳೆ. ಇತರ ಸೌಕರ್ಯಗಳ ಬಗ್ಗೆ ಮುಂದೆ ಪರಿಶೀಲಿಸುತ್ತಾರಂತೆ. ಅದಕ್ಕೂ ಚಪ್ಪಾಳೆ. ಆ ಚಪ್ಪಾಳೆ ಮುಗಿಯುವ ಮೊದಲೇ ನಡೆದು ಹೋಗಿ ಕೈಮೈಕು ಕಿತ್ತುಕೊಂಡೆ. ಒಣಗಿಸುವ ಕೋಣೆಯ ಅದೇ ಗಂಡಸು, "ಔಷಧಿ ಇಳೀತಾ ಕಹಳೆ?" ಅಂದ.

ಕೂಗಲಿಲ್ಲ. ಮಾತಾಡುವ ದನಿಯಲ್ಲೇ ಅಂದೆ: "ನನ್ನ ಗಂಟಲು ಕೆಟ್ಟಿರಲಿಲ್ಲ. ಕೂಗಿದರೆ ನನಗೆ ಉಚ್ಚೆ ಹೋಗುತ್ತೆ. ಅದನ್ನ ಹೇಳೋಕೆ ನಾಚಿಕೆಯಾಗಿ ಮಾರ್ಕೊಂಡೆ ಅಂದೆ. ದಮ್ಮು ಕಟ್ಟಿ ಎತ್ತಿ ಎತ್ತಿ ನನ್ನ ಮೈ ಹೀಗಾಯ್ತು. ಕೀಗೋಸ್ಕರ ಮೇಸ್ತ್ರಿಯ ಮುಂದೆ ಕೈ ಕಟ್ಟಿ ನಿಂತು ನಿಂತು ಹೀಗಾಯ್ತು. ನಮ್ಮ ಲಾಂಡ್ರಿಯಲ್ಲೇ ನನ್ನ ಹಾಗೆ ಇನ್ನೂ ಇದ್ದಾರೆ ಅಂತ ಆಸ್ಪತ್ರೆಯಲ್ಲಿ ಅಂದ್ರು. ಇದು ಇತರ ಸೌಕರ್ಯ ಅಲ್ಲ. ಇದು ಮೊದಲನೇ ಬೇಡಿಕೆ ಆಗಬೇಕಿತ್ತು."

ಗಂಡಸರು ನೆಲ ನೋಡಿದರು. ಹೆಂಗಸರೂ ನೆಲವನ್ನೇ ನೋಡಿದರು. ಉದ್ದಕ್ಕನ ಕಡೆ ತಿರುಗಿದೆ. ಅವಳು ಚಪ್ಪಲಿಯ ತುದಿಯಿಂದ ಒಂದು ಕಲ್ಲನ್ನು ಆ ಕಡೆ ಈ ಕಡೆ ಹೊರಳಿಸುತ್ತಿದ್ದಳು. ಒಬ್ಬಳಾದರೂ ಹೌದು ಅನ್ನಲಿಲ್ಲ.

"ಮರ್ಯಾದೆ ಕಳೆದ್ರಿ ಅಕ್ಕ" ಅಂದರು ಕಾರ್ಯದರ್ಶಿ, ಮೈಕನ್ನು ತಿರುಗಿ ತೆಗೆದುಕೊಳ್ಳುತ್ತಾ.

ಏಪ್ರಿಲ್ 11, ಶುಕ್ರವಾರ

ಕಾಗದ ಬಂತು. ಭಾರ ಎತ್ತಲು ಅಶಕ್ತಳೆಂದು ಸಾರ್ವಜನಿಕವಾಗಿ ನಾನೇ ಒಪ್ಪಿಕೊಂಡಿರುವುದರಿಂದ ನಾಳೆಯಿಂದ ಬರಬೇಕಾಗಿಲ್ಲವಂತೆ. ಸಂಸ್ಥೆಗೆ ನನ್ನ ಆರೋಗ್ಯದ ಬಗ್ಗೆ ತುಂಬ ಕಾಳಜಿಯಂತೆ.

ಅಷ್ಟೇ ಅಲ್ಲ. ಒಗೆಯುವ ಹಾಲ್‌ನ ಮೂವತ್ತೈದು ದಾಟಿದ ಎಲ್ಲ ಹೆಂಗಸರಿಗೂ ಮುಂದಿನ ವಾರ ವೈದ್ಯಕೀಯ ಪರೀಕ್ಷೆ ಎಂದು ಬೋರ್ಡಿನಲ್ಲಿ ಹಾಕಿದ್ದಾರೆ.

ಏಪ್ರಿಲ್ 13, ಭಾನುವಾರ

ಬೆಳಿಗ್ಗೆ ಏಳು ಜನ ಬಂದರು. ಮುಂದೆ ಉದ್ದಕ್ಕ. ಮನೆಯಲ್ಲಿ ಕುರ್ಚಿ ಇರುವುದು ಎರಡು. ಯಾರೂ ಕೂರಲಿಲ್ಲ. ಉದ್ದಕ್ಕನ ಕೈಯಲ್ಲಿ ಬರೆದು ತಂದ ಹಾಳೆ.

"ಸಹಿ ಹಾಕು" ಅಂದಳು.

ಓದಿದೆ. ಗೇಟಿನಲ್ಲಿ ನಾನು ಹೇಳಿದ್ದು ಸುಳ್ಳು. ನನಗೆ ಅಂಥ ತೊಂದರೆ ಇಲ್ಲ, ಬೇರೆ ಯಾರಿಗೂ ಇರುವುದು ಗೊತ್ತಿಲ್ಲ. ಪ್ರಚಾರದ ಆಸೆಗೆ ಹಾಗೆ ಹೇಳಿದೆ, ಕ್ಷಮಿಸಬೇಕು. ಇದನ್ನು ಕೊಟ್ಟರೆ ಪರೀಕ್ಷೆ ಕೈಬಿಡುತ್ತಾರಂತೆ, ನನ್ನನ್ನೂ ವಾಪಸು ತೆಗೆದುಕೊಳ್ಳುತ್ತಾರಂತೆ. ಮೇಸ್ತ್ರಿಯೇ ಹೇಳಿಕೊಟ್ಟ ಒಕ್ಕಣೆ.

"ಹಾಕಲ್ಲ" ಅಂದೆ. "ನಿಜ ಹೇಳಿದ್ದೀನಿ."

"ನಿಜಾನೇ ಕಣೆ. ಅದಕ್ಕೇ ಬಂದಿದ್ದೀವಿ." ಉದ್ದಕ್ಕ ಗೋಡೆ ನೋಡುತ್ತಾ ಮಾತಾಡಿದಳು. "ಪರೀಕ್ಷೆ ಮಾಡಿದ್ರೆ ನಿನ್ನೊಬ್ಬಳ ಕೆಲಸ ಹೋಗಲ್ಲ. ಅರ್ಧ ಹಾಲ್ ಖಾಲಿಯಾಗುತ್ತೆ."

"ಅರ್ಧ ಹಾಲ್‌ನಲ್ಲಿ ನೀನೂ ಇದ್ದೀಯಾ?"

ಅವಳು ಪೆನ್ನು ಚಾಚಿದಳು. ಮಗಳು ಅಡುಗೆಮನೆಯ ಬಾಗಿಲಲ್ಲಿ ಎಲ್ಲ ಕೇಳುತ್ತಾ ನಿಂತಿದ್ದಳು. ನನಗೆ ಕೋಪ ನೆತ್ತಿಗೇರಿತು.

"ಹೇಳಿದ್ರೆ ಹಾಕ್ತೀನಿ. ಇಲ್ಲೇ, ಈಗಲೇ, ಒಬ್ಬೊಬ್ಬರೂ ಬಾಯಿಬಿಟ್ಟು. ನಾನು ನೂರೈವತ್ತು ಜನರ ಮುಂದೆ ಹೇಳಿದೆ. ನೀವು ಏಳು ಜನರ ಮುಂದೆ ಹೇಳಿ."

ಮೊದಲು ಬಾಯಿ ಬಿಟ್ಟವಳು ಇಸ್ತ್ರಿ ಮೇಜಿನವಳು. "ಸೀನಿದ್ರೆ" ಅಂದಳು. ಇನ್ನೊಬ್ಬಳು, "ನನಗೆ ಬಸ್ಸು ಎತ್ತಿಹಾಕಿದ್ರೂ ಸಾಕು." ಮೂರನೆಯವಳು ಗಂಡನ ಹತ್ತಿರ ಮಲಗದೆ ಎರಡು ವರ್ಷವಾಯಿತು ಅಂದಳು. ಕೊನೆಗೆ ಉದ್ದಕ್ಕ: "ನಾಲ್ಕು ವರ್ಷ. ಆ ಮುದುಕಿ ದಿನ ಅಷ್ಟು ಜೋರಾಗಿ ನಕ್ಕೆನಲ್ಲ, ಎಲ್ಲರೂ ಅವಳ ಕಡೆ ನೋಡ್ತಾ ಇರಲಿ ಅಂತ."

ಸಹಿ ಹಾಕಿದೆ. ಪೆನ್ನು ಹಾಳೆಯನ್ನು ಹರಿಯುವಷ್ಟು ಒತ್ತಿ ಹಾಕಿದೆ.

ಹೊರಟವರನ್ನು ತಡೆದು ಚಾಪೆ ಹಾಕಿದೆ. ಮಲಗಿ ಅಂದೆ. ಮೊಣಕಾಲು ಮಡಚಿ ಅಂದೆ. ಅವರು ಮುಖ ಮುಖ ನೋಡಿಕೊಂಡರು. ಇಬ್ಬರು ಹೊರಟುಹೋದರು. ಐವರು ಮಲಗಿದರು.

ಏಪ್ರಿಲ್ 16, ಬುಧವಾರ

ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ನನ್ನ ಕ್ಷಮಾಪಣೆ ಬೋರ್ಡಿನಲ್ಲಿ, ಪರೀಕ್ಷೆಯ ಕಾಗದ ಇದ್ದ ಜಾಗದಲ್ಲೇ ಅಂಟಿದೆ. ಮೊದಲು ಮಾರಿಕೊಂಡವಳು, ಆಮೇಲೆ ಮಾನಗೆಟ್ಟವಳು, ಈಗ ಸುಳ್ಳಿ. ಒಣಗಿಸುವ ಕೋಣೆಯವನು ದಾರಿಯಲ್ಲಿ ಎದುರಾಗಿ, "ಮುಂದಿನ ನಾಟಕ ಯಾವಾಗ?" ಅಂದ. ಕಾರ್ಯದರ್ಶಿ ನನ್ನನ್ನು ಸಮಿತಿಯಿಂದ ತೆಗೆದಿದ್ದಾರೆ. ಸತ್ಯ ಗೊತ್ತಿರುವ ಏಳು ಜನ ಊಟದ ಹೊತ್ತಿನಲ್ಲಿ ನನ್ನಿಂದ ದೂರ ಕೂತರು. ಕೂರಲೇಬೇಕು. ಪಕ್ಕ ಕೂತರೆ ಅವರ ಮೇಲೂ ಕಣ್ಣು ಬೀಳುತ್ತದೆ.

ಮೇ 15, ಗುರುವಾರ

ಆರು ಎಣಿಸುವವರೆಗೆ ನಿಲ್ಲುತ್ತದೆ. ಬಟ್ಟೆ ದಿನಕ್ಕೆ ಒಂದೇ ಸಾಕು. ಹುಡುಗಿ ಬೆನ್ನು ತಟ್ಟಿದಳು. ನಮ್ಮವರು ಇನ್ನೂ ಮೂವರು ಅವಳ ಹತ್ತಿರ ಬಂದು ಹೋಗಿದ್ದಾರೆ, ಬೇರೆ ಬೇರೆ ದಿನ, ಒಬ್ಬರಿಗೊಬ್ಬರು ತಿಳಿಯದಂತೆ. ಹಾಗೆಂದು ಅವಳು ಹೇಳಲಿಲ್ಲ. ಅವರೇ ಬಂದು ನನ್ನ ಕಿವಿಯಲ್ಲಿ ಹೇಳಿ ಹೋದರು. ನಮಗೆ ಉಸಿರು ಬಿಟ್ಟು ಎತ್ತುವುದು ಈಗ ರೂಢಿಯಾಗಿದೆ, ನನಗೂ ಹೊಸಬಳಿಗೂ. ಮಗಳು ಮತ್ತೆ ಆಫೀಸಿನ ಕತೆ ಹೇಳತೊಡಗಿದ್ದಾಳೆ.

ಜೂನ್ 10, ಮಂಗಳವಾರ

ಗೇಟ್ ಸಭೆ. ನನಗೆ ಮೈಕು ಕೊಡುವವರಿಲ್ಲ. ನನಗೆ ಅದು ಬೇಕೂ ಇರಲಿಲ್ಲ. ಕಾರ್ಯದರ್ಶಿಯ ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಿಂದಲೇ, ಮೊದಲು ಒಳಗೆ ಎಳೆದುಕೊಂಡು, ಆಮೇಲೆ ಕೂಗಿದೆ.

"ಕಕ್ಕಸಿನ ಬೀಗ—"

"ತೆಗೆಯಿರಿ" ಎಂದು ಉತ್ತರ ಬರಬೇಕು. ಬರಲಿಲ್ಲ. ನನ್ನ ದನಿ ಮೊದಲಿನ ಹಾಗೆಯೇ ಹೋಗಿ ಕಾಂಪೌಂಡ್ ಗೋಡೆಗೆ ಬಡಿಯಿತು. ಒಂದು ತೊಟ್ಟೂ ಇಳಿಯಲಿಲ್ಲ. ನೂರೈವತ್ತು ಜನ ಒಬ್ಬ ಸುಳ್ಳಿಯನ್ನು ನೋಡುವ ಹಾಗೆ ನೋಡಿದರು. ಮತ್ತೆ ಕೂಗಿದೆ. ಮೂರನೇ ಸಲವೂ ಕೂಗಿದೆ. ಮೇಸ್ತ್ರಿ ಗಾಜಿನ ಬಾಗಿಲಲ್ಲಿ ನಿಂತು ನಗುತ್ತಿದ್ದ.

ಹೆಂಗಸರು ಯಾಕೆ ಬಾಯಿ ತೆರೆಯಲಿಲ್ಲ ಎಂದು ನನಗೆ ಗೊತ್ತಿತ್ತು. ತೆರೆದರೆ ಸೋರುತ್ತದೆ. ಸೋರಿದರೆ ಕೆಲಸ ಹೋಗುತ್ತದೆ.

ಬಸ್ಸಿಗೆ ನಡೆಯುವಾಗ ಉದ್ದಕ್ಕ ಹಿಂದಿನಿಂದ ಬಂದು, ಗುರುತಿಲ್ಲದವಳ ಹಾಗೆ ರಸ್ತೆ ನೋಡುತ್ತಾ ನನ್ನ ಪಕ್ಕ ಹೆಜ್ಜೆ ಹಾಕಿದಳು.

"ಮೂರು ಎಣಿಸೋವರೆಗೆ ನಿಲ್ಲುತ್ತೆ. ಆಮೇಲೆ ಜಾರುತ್ತೆ."

"ಎಷ್ಟು ದಿನದಿಂದ ಮೂರು?"

"ನಿನ್ನೆಯಿಂದ."

"ಅದರ ಹಿಂದೆ?"

"ಏನೂ ಇರಲಿಲ್ಲ."

ಮುಂದಿನ ಸಭೆ ಜುಲೈ ಎಂಟಕ್ಕೆ. ನಾಲ್ಕು ವಾರ. ಒಂದು ಘೋಷಣೆಗೆ ಉತ್ತರ ಕೊಡಲು ಐದು ಎಣಿಸುವಷ್ಟು ಬಲ ಸಾಕು ಎಂದು ಅವಳಿಗೆ ಹೇಳಿದೆ. ಬಸ್ಸು ಬಂತು. ಬೇರೆ ಬೇರೆ ಬಾಗಿಲಿನಿಂದ ಹತ್ತಿದೆವು.